ಔರಾದ್ ಬಸ್ಸಿನಾಗಿನ ದೆವ್ವದ ಸಿನಿಮಾ

ಗಿರಾಕಿಯೊಬ್ಬರ ಟಿವಿ ರಿಪೇರಿ ಮಾಡಲೆಂದು ಭಾಲ್ಕಿಯಿಂದ ಔರಾದಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ವಯಸ್ಸಾದ ಟೀಚರಮ್ಮ ಒಬ್ಬರು ಮೊಬೈಲಿನಲ್ಲಿ ದೆವ್ವದ ಸಿನಿಮಾ ನೋಡುತ್ತ ನಗುತ್ತಿದ್ದರು.

"ನಿಮಗ ಅಂಜಿಕಿ ಬರಲ್ಲೇನ್ರೀ?" ಎಂದೆ.

"ಯಾಕ ಅಂಜಬೇಕ್ರಿ? ಸಣ್ಣಾಕಿ ಇದ್ದಾಗ ಸ್ಮಶಾನದಾಗ ಹುಣಸಿಕಾಯಿ ಆರಸ್ತಿದ್ದೆ. ದೆವ್ವ ಅಂದ್ರ ಬಾಯಾಗ ನೀರು ಬರ್ತದ."

ಒಂದು ಇಯರ್‌ಫೋನ್ ನನಗೂ ಕೊಟ್ಟರು. ಸ್ಮಶಾನದ ದೃಶ್ಯಕ್ಕೆ ನಾನೂ ನಕ್ಕೆ. ಆಮೇಲೆ ಸಿನಿಮಾದಲ್ಲಿ ವೈರ್ ಕಿತ್ತಿಟ್ಟ ರೇಡಿಯೋ ತಾನಾಗಿಯೇ ಮಾತಾಡತೊಡಗಿತು. ಚೀರಿಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ ಬಸ್ ನಿಲ್ಲಿಸಿದ.

"ಸಣ್ಣಂವ ಇದ್ದಾಗಿಂದ ರೇಡಿಯೋ ಬಿಚ್ಚಿ ನೋಡಿದಂವ ನಾ. ಕರೆಂಟ್ ಇಲ್ಲದ ಅದು ಮಾತಾಡಬಾರದ್ರಿ!" ಎಂದೆ.

ಟೀಚರಮ್ಮ ಕಣ್ಣೀರು ಬರುವಷ್ಟು ನಕ್ಕರು. ಔರಾದ್ ಬಂದರೂ ಸಿನಿಮಾ ಮುಗಿದಿರಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಪೂರ್ತಿ ನೋಡಿದೆವು.

"ಇದರ ಎರಡನೇ ಭಾಗನೂ ಅದರಿ," ಎಂದರು. ಅಂಜುತ್ತಲೇ ಅವರ ನಂಬರ್ ಬರೆದುಕೊಂಡೆ.