ನಕ್ಷತ್ರವಿಟ್ಟ ಮಾತು, ಬಾಲವುಳಿದ ಮಗ್ಗ

ನಮ್ಮ ಮನೆಯ ಸೋಲಾಪುರಿ ಚಾದರದ ಅಂಚಿನಲ್ಲಿ ಒಂದಿಷ್ಟು ಎಳೆಗಳು ಜೋತುಬಿದ್ದಿವೆ. ಬೆಳಗ್ಗೆ ಏಳುವಾಗ ಅವು ನನ್ನ ಕಾಲುಂಗುರಕ್ಕೆ ಸಿಕ್ಕು, ನಾನು ಅವನ್ನು ಬೈಯುತ್ತ, ಇವತ್ತು ಕತ್ತರಿಸಿಯೇ ಬಿಡುತ್ತೇನೆಂದು ಶಪಥ ಮಾಡಿ, ಚಹಾ ಕುದಿಯುವಷ್ಟರಲ್ಲಿ ಮರೆತುಬಿಡುತ್ತೇನೆ. ಚಾದರ ಮಾರುವ ಮನೆಯ ಸೊಸೆ ನಾನು, ನೇಯುವ ಮನೆಯ ಮಗಳು. ಬೈಯುವ ಹಕ್ಕು ಎರಡೂ ಕಡೆಯಿಂದ ಬಂದಿದೆ.

ಅದೇ ಚಾದರದ ಮೇಲೆ ಕಾಲು ಚಾಚಿ ಜರ್ಮನ್ ಕಲಿಯುವ ನನ್ನ ಮಗಳು ಕೇತಕಿ ಮೊನ್ನೆ ಮರಾಠಿಯಲ್ಲಿ ಕೂಗಿದಳು: "ಮಮ್ಮಿ, ಹೇ ಬಘ!" ಇದನ್ನು ನೋಡು ಎಂದು. ಫೋನಿನಲ್ಲೊಂದು ಪುರಾತನ ಕ್ರಿಯಾಪದ, '*ವೆಬನಾ'. ನೇಯುವುದು ಎಂದರ್ಥ. ಇಂಗ್ಲಿಷಿನ 'ವೀವ್', ಜರ್ಮನ್ನಿನ 'ವೇಬೆನ್', ಡಚ್ಚರ 'ವೇವೆನ್' ಎಲ್ಲ ಅದರ ಸಂತಾನವಂತೆ. ಮೂಲದ ಮಾತನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಪಂಡಿತರು ಮೊಮ್ಮಕ್ಕಳ ಬಾಯಿ ನೋಡಿ ಅಜ್ಜಿಯನ್ನು ಊಹಿಸಿ, ಊಹೆಯೆಂಬುದರ ಗುರುತಿಗೆ ಅವಳ ಹಣೆಗೊಂದು ನಕ್ಷತ್ರ ಇಟ್ಟಿದ್ದಾರೆ. ಎಷ್ಟು ಅಕ್ಕರೆ ನೋಡಿ! ಇತ್ತ ನನ್ನ ತವರು ಅಕ್ಕಲಕೋಟೆಯಲ್ಲಿ ಸಾಕ್ಷಾತ್ ಅಜ್ಜಿಯೇ, ನನ್ನ ಅವ್ವ, ಎಲೆ ಅಡಿಕೆ ಜಗಿಯುತ್ತ ಕನ್ನಡದಲ್ಲಿ ಗದರುತ್ತಾಳೆ, ಮೊಮ್ಮಗಳು ಮರಾಠಿಯಲ್ಲಿ "ಹೋ ಹೋ" ಎಂದು ಹೂಂಗುಟ್ಟುತ್ತಾಳೆ, ನಡುವೆ ದುಭಾಷಿ ನಾನು. ನಾನಿಲ್ಲದಿದ್ದರೆ ಇವರಿಬ್ಬರ ನಡುವೆ ಮಾತೇ ಉಳಿಯದಲ್ಲ!

ಭಾನುವಾರ ನಾವಿಬ್ಬರೂ ಅಕ್ಕಲಕೋಟೆಗೆ ಹೋದೆವು. ಅಣ್ಣ ಕೊನೆಯ ಮಗ್ಗವನ್ನು ದುಧನಿ ಊರಿನವರಿಗೆ ಮಾರಿದ್ದ. ಟೆಂಪೊ ಬಾಗಿಲಿಗೆ ಬಂದಿತ್ತು. ಚೊಕ್ಕಟವಾಗಿ ಕೊಡೋಣವೆಂದು ಮಗ್ಗದಲ್ಲಿ ಉಳಿದ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗಳಿಗೆ ಅವನು ಕತ್ತರಿ ಹಿಡಿದದ್ದೇ ತಡ, ಅವ್ವ ಎದ್ದು ಬಂದಳು.

"ಅದರ ಬಾಲ ಕೊಯ್ತೀಯೇನ? ಹೊಸಾ ಎಳಿ ಎದಕ್ಕ ಗಂಟ ಹಾಕ್ಬೇಕ ಅವ್ರು?"

"ಅವ್ರು ನೇಯ್ತಾರೋ, ಗುಜರಿಗೆ ಹಾಕ್ತಾರೋ, ನಮಗೇನ್ ಗೊತ್ತ ಯವ್ವಾ?" ಎಂದ ಅಣ್ಣ.

ನಮ್ಮಲ್ಲಿ ಮಗ್ಗವನ್ನು ಎಂದೂ ಬರಿದು ಮಾಡುವುದಿಲ್ಲ. ಹಳೆಯ ಹಾಸಿನ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಎಳೆದುಕೊಳ್ಳುತ್ತಾರೆ. ಮೊಟ್ಟಮೊದಲ ಎಳೆ ಯಾರು ಹೂಡಿದ್ದೆಂದು ಯಾರಿಗೂ ತಿಳಿಯದು. ಇದನ್ನು ಮರಾಠಿಯಲ್ಲಿ ವಿವರಿಸಲು ನಾನು ಬಾಯಿ ತೆರೆಯುವ ಮೊದಲೇ ಕೇತಕಿ ಮಾವನ ಕೈ ಹಿಡಿದಿದ್ದಳು.

"ಮಾಮಾ, ಕೊಯ್ಬ್ಯಾಡ್ರಿ. ಅಜ್ಜಿ ಹೇಳಾಕತ್ಯಾಳ."

ಅವ್ವ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ದಿನಾ ಎಲ್ಲಿಟ್ಟಿದ್ದೆವ್ವಾ ಈ ನಾಲಿಗಿ?" ಎಂದು ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ್ಗ ಬಾಲದೊಂದಿಗೇ ಟೆಂಪೊ ಹತ್ತಿತು.

ಮರುದಿನ ಬೆಳಗ್ಗೆ ಚಾದರದ ಎಳೆ ಮತ್ತೆ ಕಾಲುಂಗುರಕ್ಕೆ ಸಿಕ್ಕಿತು. ಕತ್ತರಿ ಕೈಗೆಟಕುವಂತೆಯೇ ಇತ್ತು. ವಾಡಿಕೆಯಂತೆ ಬೈದೆ, ಮೆಲ್ಲಗೆ ಬಿಡಿಸಿಕೊಂಡೆ, "ಕೇತಕಿ, ಏಳವಾ, ಚಾ ಆತು" ಎಂದು ಕನ್ನಡದಲ್ಲೇ ಕೂಗಿದೆ.

"ಪಾಚ್ ಮಿನಿಟ್, ಮಮ್ಮಿ," ಎಂದಳು ಮರಾಠಿಯಲ್ಲಿ, ಇನ್ನೈದು ನಿಮಿಷ ಬೇಕಂತೆ.

ಇರಲಿ. ಎಳೆಯನ್ನಂತೂ ಕೊಯ್ದಿಲ್ಲವಲ್ಲ.