ಚಿಗವ್ವನ ಮನೆಯ ಮುಂದಿನ ಕಟ್ಟೆ

ಮೊನ್ನೆ ಜಮಖಂಡಿಯ ನನ್ನ ಆಫೀಸಿನಲ್ಲಿ ಕಪಾಟು ಝಾಡಿಸುವಾಗ ಹಳೆಯ ನಕ್ಷೆಯೊಂದು ಕೈಗೆ ಬಂತು. ನಾನು ಇಂಜಿನಿಯರ್ ಆದಮೇಲೆ ಬರೆದ ಮೊದಲ ನಕ್ಷೆ. ಬನಹಟ್ಟಿಯಲ್ಲಿರುವ ಚಿಗವ್ವನ, ಅಂದರೆ ಅವ್ವನ ತಂಗಿಯ, ಮನೆಯ ರಿಪೇರಿಯದು. ಮುಂಭಾಗದಲ್ಲಿ ಕೆಂಪು ಪೆನ್ನಿನಲ್ಲಿ ನನ್ನದೇ ಅಕ್ಷರ: 'ಕಟ್ಟೆ ತೆಗೆಯುವುದು'. ಓದಿ ನಾಚಿಕೆಯಾಯಿತು.

ಅಳತೆಗೆಂದು ನಾನು ಹೋದದ್ದು ಎರಡು ದಿನ. ಎರಡೂ ದಿನ ಕರೆಂಟಿತ್ತು. ನೇಕಾರರ ಓಣಿಯಲ್ಲಿ ಕರೆಂಟಿದ್ದಾಗ ಹೊರಗೆ ಯಾರು ಕೂರುತ್ತಾರೆ, ಹೇಳಿ? ಮನೆಮನೆಯಲ್ಲೂ ಪವರ್‌ಲೂಮಿನ ಸದ್ದು, ಕಟ್ಟೆ ಖಾಲಿ. ಇದು ಸುಮ್ಮನೆ ಜಾಗ ತಿನ್ನುತ್ತದೆ ಎಂದುಕೊಂಡೆ. ಕರೆಂಟು ಹೋದದ್ದೇ ತಡ, ಇಡೀ ಓಣಿ ಮಗ್ಗ ಬಿಟ್ಟು ಬಂದು ಆ ಕಟ್ಟೆಯ ಮೇಲೆಯೇ ಕೂರುತ್ತದೆಂದು ನನಗೇನು ಗೊತ್ತು! ಕೇಳಬಹುದಿತ್ತು. ಹೊಸದಾಗಿ ಡಿಗ್ರಿ ಪಡೆದವನು ಕೇಳುತ್ತಾನೆಯೇ? "ನೀ ಕಲತಾಂವ, ನಿನಗ ತಿಳಿದಂಗ ಮಾಡಪಾ" ಎಂದಿದ್ದಳು ಚಿಗವ್ವ. ಕಟ್ಟೆ ಕಿತ್ತು ಗ್ರಿಲ್ಲು ಹಾಕಿಸಿದೆ. ಒಳಗೆ ಸೋಫಾ ಹಿಡಿಸುವಂಥ ಹಾಲ್ ಆಯಿತು.

ಆರು ತಿಂಗಳ ಮೇಲೆ ಹೋದಾಗ ಕರೆಂಟಿರಲಿಲ್ಲ. ಹೆಂಗಸರೆಲ್ಲ ಎದುರು ಮನೆಯ ಶಾಂತಕ್ಕನ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. ಚಿಗವ್ವ ಗ್ರಿಲ್ಲಿನ ಹಿಂದೆ, ಸೋಫಾದ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ನೀನ್ಯಾಕೆ ಅಲ್ಲಿಗೆ ಹೋಗಿಲ್ಲವೆಂದು ಕೇಳಿದರೆ, "ಮೊಣಕಾಲ ನೋಯತಾವೋ" ಅಂದಳು. ನಂಬಿದೆ.

ಹೊರಡುವಾಗ ಶಾಂತಕ್ಕ ಕರೆದಳು. "ನಿಮ್ಮ ಚಿಗವ್ವಗ ನಾವು ಬ್ಯಾಡಾಗೇವ್ರಿ. ನಾವು ಬಂದು ಕುಂಡರತೀವಂತ ಕಟ್ಟಿನ ತಗಸ್ಯಾಳ."

"ಯಾರ ಹೇಳಿದ್ರು?"

"ಆಕೀನ. 'ನನ್ನ ಮನಿ, ನಾನ ತಗಸೇನಿ' ಅಂದ್ಲು."

ಒಳಗೆ ಓಡಿದೆ. "ಯಾಕ ಹಂಗ ಹೇಳಿದಿ ಚಿಗವ್ವಾ?"

"ಮತ್ತೇನ ಹೇಳ್ಲಿ ಲೇ? ನಿಂದು ಮೊದಲನೇ ಕೆಲಸ. ಇಂವಗ ಏನೂ ತಿಳ್ಯಾಂಗಿಲ್ಲ ಅಂತ ಊರ ತುಂಬ ಆಗಿದ್ರ ಇನ್ನೊಂದ ಮನಿ ಯಾರ ಕೊಡತಿದ್ರು ನಿನಗ?"

ನನಗೆ ಅಳು ಬಂತು. ಮುಚ್ಚಿಡುವುದೇನಿದೆ? ನನ್ನ ಹೆಸರು ಉಳಿಸಲು ಅವಳು ಓಣಿಯನ್ನೇ ಕಳೆದುಕೊಂಡಿದ್ದಳು. ಹಾಗೇ ಶಾಂತಕ್ಕನ ಮೆಟ್ಟಿಲಿಗೆ ಹೋಗಿ ಎಲ್ಲರೆದುರು ಹೇಳಿದೆ: "ತಪ್ಪು ನಂದರಿ. ಕಟ್ಟಿ ತಗಸಿದಾಂವ ನಾನು." ಶಾಂತಕ್ಕ ನನ್ನನ್ನು ನೋಡಲಿಲ್ಲ. ಎದ್ದು ಸೀದಾ ಚಿಗವ್ವನ ಮನೆಯೊಳಗೆ ಹೋದಳು. ಮರುವಾರ ಗೌಂಡಿ ಬಂದ, ಗ್ರಿಲ್ಲು ಹೋಯಿತು, ಕಟ್ಟೆ ಎದ್ದಿತು.

ಈಗ ಬೀಳಗಿಯಿರಲಿ, ಮುಧೋಳವಿರಲಿ, ಮೊದಲ ದಿನ ನಾನು ಟೇಪು ಒಯ್ಯುವುದಿಲ್ಲ. ಮನೆಯವರು ಎಲ್ಲಿ ಕೂರುತ್ತಾರೆಂದು ನೋಡುತ್ತ ನಾನೂ ಕೂರುತ್ತೇನೆ. ಹೋದ ವಾರ ಮುಧೋಳದ ಗಿರಾಕಿಯೊಬ್ಬರನ್ನು ಬನಹಟ್ಟಿಗೇ ಕರೆದೊಯ್ದಿದ್ದೆ. ಗೋಡೆಗಿಂತ ಕಟ್ಟೆ ಹೊಸದಾಗಿರುವುದು ಯಾಕೆಂದು ಅವರು ಕೇಳಿದರು.

"ನಾನ ಕೆಡವಿಸಿ ಮತ್ತ ಕಟ್ಟಿಸೇನ್ರಿ" ಅಂದಳು ಚಿಗವ್ವ.

ಪಕ್ಕದಲ್ಲಿದ್ದ ಶಾಂತಕ್ಕ ಕಣ್ಣು ಮಿಟುಕಿಸದೆ ಹೇಳಿದಳು: "ಖರೆ ಐತ್ರಿ. ಈಕಿಗೆ ಒಮ್ಮೊಮ್ಮೆ ತಲಿ ಕೆಡತೈತಿ."

ನಿಜ ಹೇಳಲು ನಾನು ಬಾಯಿ ತೆರೆದೆ. ಇಬ್ಬರೂ ಎರಡೂ ಕಡೆಯಿಂದ ಚಿವುಟಿದರು.