ಸ್ಟುಡಿಯೋ ಕಾಕಾನ ಸಣ್ಣ ಕ್ಯಾಮೆರಾ

ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ನಲವತ್ತು ವರ್ಷ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಹಚ್ಚಿ ನೋಡಿ ನೋಡಿ, ಆ ಎಡಗಣ್ಣಿಗೆ ಪೂರಾ ತೆರೆಯುವುದೇ ಮರೆತುಹೋಗಿತ್ತು. ಕಿಂಡಿಯೇ ಇಲ್ಲದ, ಬೆನ್ನ ಮೇಲೆ ಪುಟ್ಟ ಪರದೆ ಇರುವ ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ಅವರು ಎಡಗಣ್ಣು ಮುಚ್ಚಿಯೇ ಫೋಟೋ ತೆಗೆಯುತ್ತಿದ್ದರು. ಪೇಪರ್ ಓದುವಾಗಲೂ ಒಂದೇ ಕಣ್ಣು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಒಂದೇ ಕಣ್ಣು.

"ಎರಡೂ ತೆಗದು ನೋಡ್ರಲ್ಲ ಕಾಕಾ" ಎಂದು ನಾನು ಕಾಡಿದರೆ, "ಒಂದ ಕಣ್ಣಿಗೇ ಇಷ್ಟು ಹುಳುಕು ಕಾಣಾಕತ್ತಾವ. ಎರಡೂ ತೆಗದ್ರ ಖಾಲಿ ಚೀಲ ತಗೊಂಡು ಮನಿಗೆ ಹೋಗಬೇಕಾಗ್ತದ" ಎನ್ನುತ್ತಿದ್ದರು.

ಲಿಂಗಸುಗೂರಿನ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಓಣಿಯ ಮಂದಿಯೆಲ್ಲ ಸ್ಟುಡಿಯೋ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನಾಗ ಮಸ್ಕಿ ಹತ್ತಿರದ ಹಳ್ಳಿಯೊಂದರ ಶಾಲೆಗೆ ಹೊಸದಾಗಿ ಟೀಚರ್ ಆಗಿ ಬಂದಿದ್ದೆ. ಅಪ್ಪ ಅವ್ವ ಇದ್ದದ್ದು ಹಟ್ಟಿಯಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಹೊರಟರೆ ಲಿಂಗಸುಗೂರಿನಲ್ಲಿ ಬಸ್ ಬದಲಿಸಬೇಕು. ಹಟ್ಟಿ ಬಸ್ಸಿಗಾಗಿ ಒಂದು ತಾಸು ಕಾಯುವುದಂತೂ ಇದ್ದೇ ಇತ್ತು. ಆ ಒಂದೊಂದು ತಾಸಿನಲ್ಲೇ ನಾನು ಅವರ ಶಿಷ್ಯಳಾದೆ.

ಕಾರಣ ನನ್ನ ಅಪ್ಪ. ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಭೂಮಿಯ ಒಳಗೆ ದುಡಿದು ನಿವೃತ್ತನಾದವನು. ಅವನ ಕಣ್ಣು ತೆರೆದಿರುವ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಮದುವೆ ಫೋಟೋದಲ್ಲಿ ಅವ್ವ ಕಣ್ಣರಳಿಸಿ ಕೂತಿದ್ದಾಳೆ, ಪಕ್ಕದಲ್ಲಿ ಅಪ್ಪನಿಗೆ ಗಾಢ ನಿದ್ದೆ. ನಿವೃತ್ತಿಯ ದಿನ ಕೊರಳ ತುಂಬ ಹಾರ, ಕಣ್ಣು ಮುಚ್ಚಿ ಧ್ಯಾನ. ಫೋಟೋ ಎಂದರೆ ಸಾಕು, ಅವನ ರೆಪ್ಪೆ ತಾನಾಗಿಯೇ ಇಳಿದುಬಿಡುತ್ತಿತ್ತು. ನಮ್ಮ ಮನೆತನಗಳಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಒಯ್ಯುವ ಮುಂಚೆ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ, ಸುತ್ತಲೂ ಮನೆಮಂದಿ ಕೂತು ಫೋಟೋ ತೆಗೆಸಿಕೊಳ್ಳುವ ಪದ್ಧತಿಯಿದೆ. ಅಪ್ಪ ಅದನ್ನೇ ಹಿಡಿದು ನಗುತ್ತಿದ್ದ. "ನಾ ಸತ್ತ ಮ್ಯಾಲ ಕುಂದ್ರಿಸಿ ಒಂದು ತೆಗೀತೀರಲ್ಲ, ಅದೂ ಇವಕ್ಕ ಜೋಡಿ ಆಗ್ತದ ಬಿಡವ್ವ."

ಆ ವರ್ಷ ಅಪ್ಪನ ಹೃದಯ ಸೋಲತೊಡಗಿತ್ತು. ರಾಯಚೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಇನ್ನು ಬಹಳ ದಿನವಿಲ್ಲ ಎಂದರು. ನನಗೆ ಬೇರೇನೂ ಹೊಳೆಯಲಿಲ್ಲ. ನೆಟ್ಟಗೆ ಹೋಗಿ ಸಾಬೂನಿನ ಡಬ್ಬಿಯಷ್ಟು ದೊಡ್ಡ, ಬೆಳ್ಳಿ ಬಣ್ಣದ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಅಪ್ಪನ ಕಣ್ಣು ತೆರೆದಿರುವ ಒಂದು ಫೋಟೋ ನನಗೆ ಬೇಕಿತ್ತು, ಅಷ್ಟೇ.

ಆ ಭಾನುವಾರ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮೂವತ್ತು ಸಲವಾದರೂ ಒತ್ತಿರಬೇಕು. ಆ ಕ್ಯಾಮೆರಾಕ್ಕೆ ಒಂದು ವಿದ್ಯೆ ಗೊತ್ತಿತ್ತು. ಮುಖ ಗುರುತಿಸುತ್ತಿತ್ತು. ಫೋಟೋದಲ್ಲಿ ಯಾರ ಕಣ್ಣಾದರೂ ಮುಚ್ಚಿದ್ದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ "ಯಾರಾದರೂ ಕಣ್ಣು ಮುಚ್ಚಿದರೇ?" ಎಂದು ಕೇಳುತ್ತಿತ್ತು. ಮೂವತ್ತು ಸಲವೂ ಕೇಳಿತು. "ಏನವ್ವ, ನಿನ್ನ ಕ್ಯಾಮೆರಾಕ್ಕ ನನ್ನ ಮ್ಯಾಲ ಇಷ್ಟ್ಯಾಕ ಅನುಮಾನ?" ಎಂದು ಅಪ್ಪ ನಕ್ಕ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಒಂದು ಚಣ ಕಣ್ಣು ತೆಗೀಲಿಕ್ಕೆ ಏನಾಗ್ತದ ನಿನಗ?" ಎಂದು ಚೀರಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಮುಂದಿನ ಶನಿವಾರ ಕಾಕಾನ ಗಾಜಿನ ಮೇಜಿನ ಮೇಲೆ ಆ ಕ್ಯಾಮೆರಾ ಕುಕ್ಕಿದೆ. "ಇದು ಕೆಟ್ಟಂಗದ, ನೋಡ್ರಿ." ಅವರು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ಅಂಥದ್ದೇ ಇನ್ನೊಂದನ್ನು ತೆಗೆದು ಪಕ್ಕದಲ್ಲಿಟ್ಟರು. ಮದುವೆಗೆಂದು ದೊಡ್ಡ ಕ್ಯಾಮೆರಾ ಇದ್ದರೂ ಅವರು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಆ ಸಣ್ಣದನ್ನೇ. "ಇದಕ್ಕೇನೂ ಆಗಿಲ್ಲವ್ವ. ಕೆಟ್ಟದ್ದು ನಿನ್ನ ಬೆರಳು. ಏನ್ ಅವಸರಾನೋ ಯಪ್ಪಾ, ಗುಂಡಿ ಒತ್ತಾಕತ್ತಿಲ್ಲ ನೀ, ಗುದ್ದಾಕತ್ತಿ. ಅರ್ಧ ಒತ್ತಿ ತಡಿ. ಅದು ಮಾರಿ ಹುಡುಕ್ಯಾಡ್ತದ, ಸಿಕ್ಕಿತಂದ್ರ ಹಸರು ಚೌಕ ತೋರಸ್ತದ. ಆಮ್ಯಾಲ ಉಳದ ಅರ್ಧ ಒತ್ತು."

ಅವರ ಪಾಠ ಶುರುವಾದದ್ದು ಹೀಗೆ. ಕ್ಯಾಮೆರಾದ ಜೊತೆ ಬಂದ ಪುಸ್ತಕವನ್ನು ನಾನು ಪೊಟ್ಟಣದಲ್ಲೇ ಬಿಟ್ಟಿದ್ದೆ. ಅವರು ತಮ್ಮದನ್ನು ಡಿಕ್ಷನರಿ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು. ಹೂವಿನ ಗುರುತು ಹಾಕಿದರೆ ಜೋಳದ ತೆನೆಯ ಒಂದೊಂದು ಕಾಳೂ ಕಾಣುವಷ್ಟು ಹತ್ತಿರ ಹೋಗಬಹುದು. ಟ್ಯೂಬ್‌ಲೈಟಿನ ಕೆಳಗೆ ಬೆಳಕಿನ ಸೆಟ್ಟಿಂಗ್ ಬದಲಿಸದಿದ್ದರೆ ಮಂದಿ ಹಸಿರಾಗುತ್ತಾರೆ. ಐಎಸ್ಒ ಏರಿಸಿದರೆ ಮಬ್ಬಿನಲ್ಲೂ ಫೋಟೋ ಬರುತ್ತದೆ, "ಆದ್ರ ಭಾಳ ಏರಿಸಿದಿ ಅಂದ್ರ ಮಾರಿ ಮ್ಯಾಲ ರವಾ ಉದುರಿಸಿದಂಗ ಆಗ್ತದ, ಹುಷಾರು." ಡಿಜಿಟಲ್ ಜೂಮಿನ ಮೇಲಂತೂ ಅವರಿಗೆ ಎಲ್ಲಿಲ್ಲದ ಕೋಪ. "ಖರೇ ಜೂಮ್ ಅಂದ್ರ ಗಾಜು ಮುಂದ ಹೋಗ್ತದ. ಇದು ಇದ್ದದ್ದನ್ನೇ ಜಗ್ಗಿ ದೊಡ್ಡದು ಮಾಡಿ ತೋರಸ್ತದ. ಬಂದ್ ಮಾಡು ಅದನ್ನ. ಹತ್ತಿರ ಬೇಕಂದ್ರ ಎದ್ದು ನಡಕೊಂಡು ಹೋಗು, ಕಾಲಿಲ್ಲೇನು ನಿನಗ?"

ಇಷ್ಟೆಲ್ಲ ಕಲಿಸಿದರೂ ಅವರ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಮಾತ್ರ ಅಂಗೈ ಅಡ್ಡ ಬರುತ್ತಿತ್ತು. "ನನ್ನ ಮಾರಿ ಯಾರಿಗೆ ಬೇಕವ್ವ? ಸೆಲ್ ಖಾಲಿ ಮಾಡಬ್ಯಾಡ." ನನ್ನ ಕ್ಯಾಮೆರಾದ ಮೆಮೊರಿ ಕಾರ್ಡಿನ ತುಂಬ ಅವರ ಅಂಗೈ ಫೋಟೋಗಳೇ.

ಒಂದು ಶನಿವಾರ ಪಾಠದ ನಡುವೆ ಒಬ್ಬರು ಬಾಗಿಲಲ್ಲಿ ನಿಂತು, "ಕಾಕಾ, ಅಜ್ಜ ಹೋಗಿಬಿಟ್ಟ, ಕುಂದ್ರಿಸ್ಯಾರ" ಎಂದರು. ಕಾಕಾ ದೊಡ್ಡ ಕ್ಯಾಮೆರಾ ಮುಟ್ಟಲಿಲ್ಲ. ಜೇಬಿನ ಸಣ್ಣದನ್ನು ತೆಗೆದು ಫ್ಲ್ಯಾಶ್ ಆರಿಸಿದರು. ಕಿರ್‌ಕಿರ್ ಎನ್ನುವ ಸದ್ದನ್ನೂ ಬಂದ್ ಮಾಡಿದರು. "ದೊಡ್ಡ ಕ್ಯಾಮೆರಾ ಕಂಡ್ರ ಮಂದಿ ಅಳೋದು ನಿಲ್ಲಿಸಿ ಸೆರಗು ಸರಿ ಮಾಡ್ಕೊಂತಾರ. ಅಳೋ ಮಂದೀನ ಅಳಾಕ ಬಿಡಬೇಕು" ಎಂದು ಎದ್ದರು. "ಆ ಕಣ್ಣು ಮುಚ್ಚಿದ್ದು ಕೇಳೋದನ್ನೂ ಬಂದ್ ಮಾಡ್ರಿ, ಸತ್ತವರ ಮುಂದ ಅದ್ಯಾಕ ಬೇಕು?" ಎಂದೆ ನಾನು. ಅವರು ಚಪ್ಪಲಿ ಮೆಟ್ಟುತ್ತಾ, "ಕೇಳಲಿ ಬಿಡವ್ವ. ಒಬ್ಬರಾದ್ರೂ ಕೇಳಬೇಕಲ್ಲ" ಎಂದು ಹೋದರು.

ಎರಡು ತಿಂಗಳ ಪಾಠವಾದ ಮೇಲೂ ಅಪ್ಪನ ಕಣ್ಣು ನನ್ನ ಕೈಗೆ ಸಿಗಲಿಲ್ಲ. ಅಪ್ಪ ಇಳಿಯುತ್ತಾ ಹೋದ. ಕೊನೆಗೆ ಕಾಕಾ, "ಭಾನುವಾರ ನಾ ಬರ್ತೀನಿ. ನಿಮ್ಮವ್ವಗ ಎರಡು ರೊಟ್ಟಿ ಜಾಸ್ತಿ ಬಡಿಯಾಕ ಹೇಳು" ಎಂದರು.

ಬಂದರು. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಜೇಬು ಉಬ್ಬಿತ್ತು. ಆದರೆ ಕ್ಯಾಮೆರಾ ಹೊರಗೆ ಬರಲೇ ಇಲ್ಲ. ಎಣ್ಣೆಗಾಯಿ ಜೊತೆ ರೊಟ್ಟಿ ತಿಂದರು, ಮಜ್ಜಿಗೆ ಕುಡಿದರು, ನಮ್ಮ ಅಂಗಳದ ಬೇವಿನ ಕೆಳಗೆ ಹೊರಸು ಹಾಕಿಸಿ ಅಪ್ಪನ ಜೊತೆ ಕೂತರು. ತಾಸು ಕಳೆಯಿತು. ನೀರು ಕೊಡುವ ನೆವದಲ್ಲಿ ಹೋಗಿ, "ಕಾಕಾ, ಬಿಸಲು ಇಳಿಯಾಕತ್ತದ" ಎಂದೆ. ಅವರು ನನ್ನ ಕಡೆ ನೋಡದೆ, ತೋರುಬೆರಳನ್ನು ಗಾಳಿಯಲ್ಲೇ ಅರ್ಧ ಬಗ್ಗಿಸಿ ತೋರಿಸಿದರು. ತಡಿ.

ಆಮೇಲೆ ಮಾತಿನ ನಡುವೆಯೇ ಎದ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟರು. ಅಪ್ಪ ಎದೆ ಸೆಟೆಸಿ, ರೆಪ್ಪೆ ಇಳಿಸಲು ತಯಾರಾದ. "ಇನ್ನಾ ಏನೂ ತೆಗ್ಯಾಕತ್ತಿಲ್ರಿ ಅಣ್ಣಾರ, ಜೇಬು ಭಾರ ಆಗಿತ್ತು, ಇಟ್ಟೆ ಅಷ್ಟ" ಎಂದರು ಕಾಕಾ. ಫ್ಲ್ಯಾಶ್ ಆರಿಸಿ, ಗಡಿಯಾರದ ಗುರುತು ಹಾಕಿದ್ದನ್ನು ನಾನು ಕಂಡೆ. ಒತ್ತಿ ಇಪ್ಪತ್ತು ಸೆಕೆಂಡಿಗೆ ಅದು ತಾನೇ ಫೋಟೋ ತೆಗೆಯುತ್ತದೆ. ಮುಂದಿನ ಕೆಂಪು ದೀಪಕ್ಕೆ ಆಗಲೇ ಒಂದು ಚೂರು ಕಪ್ಪು ಟೇಪು ಅಂಟಿಸಿಕೊಂಡು ಬಂದಿದ್ದರು, ಪುಣ್ಯಾತ್ಮ. ಒತ್ತಿದವರೇ ಬಂದು ಅಪ್ಪನ ಮಗ್ಗುಲಲ್ಲಿ ಕೂತರು.

"ಮತ್ತ ಪಾಳಿ ಮುಗಿಸಿ ಮ್ಯಾಲ ಬರ್ತಿದ್ರಲ್ಲ, ಬಂದ ಕೂಡ್ಲೆ ಮೊದಲ ಏನ್ ನೋಡ್ತಿದ್ರಿ ಅಣ್ಣಾರ?"

"ಮೊದಲೇನ್ ನೋಡೋದ್ರಿ, ಬೆಳಕು ಬಡೀತದಲ್ಲ, ಕಣ್ಣು ಗಪ್ಪನ ಮುಚ್ಚತಿದ್ವಿ. ನಾಕ್ ಹೆಜ್ಜಿ ಹಂಗ ನಡೀತಿದ್ವಿ. ಆಮ್ಯಾಲ ಕಣ್ಣು ತೆಗದು" ಎನ್ನುತ್ತಾ ಅಪ್ಪ ಒಂದು ಕೈ ಕಾಕಾನ ಹೆಗಲ ಮೇಲಿಟ್ಟು, ತಲೆ ಎತ್ತಿ ಬೇವಿನ ಕೊಂಬೆಗಳ ಆಚೆ ನೋಡಿದ, "ಅಲ್ಲಿ ಗಣಿ ಬಾಯಿ ಮ್ಯಾಲ, ನಮ್ಮ ಲಿಫ್ಟ್ ಜಗ್ಗೋ ಗಾಲಿ ನೋಡ್ತಿದ್ವಿ ನೋಡ್ರಿ. ಅದು ತಿರುಗಾಕತ್ತಿದ್ರ, ಹಿಂದಿನ ಮಂದೀನೂ ಬರಾಕತ್ತ್ಯಾರ ಅಂತ ಲೆಕ್ಕ. ಅದನ್ನ ನೋಡದ ಒಬ್ಬನೂ ಮನಿಗೆ ಹೋಗ್ತಿದ್ದಿಲ್ಲ."

ಸದ್ದಿಲ್ಲದೆ ಫೋಟೋ ಆಗಿಹೋಗಿತ್ತು. ನಾನು ಓಡಿ ಹೋಗಿ ಕ್ಯಾಮೆರಾ ತೆಗೆದುಕೊಂಡೆ. ಅದು ಏನನ್ನೂ ಕೇಳಿರಲಿಲ್ಲ. ಪರದೆಯಲ್ಲಿ ಅಪ್ಪನ ಕಣ್ಣುಗಳು ಅಷ್ಟಗಲ ತೆರೆದಿದ್ದವು. ಅವು ಇಷ್ಟು ಕಂದು ಎಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಯವ್ವಾ, ಇವರು ಎಷ್ಟು ಚಂದ ಅದಾರ" ಎಂದಳು. ಅಪ್ಪ ನಾಚಿ ಮಜ್ಜಿಗೆ ಕೇಳಿದ.

ಮರುವಾರ ಕಾಕಾ ದೊಡ್ಡದಾಗಿ ಪ್ರಿಂಟ್ ಹಾಕಿ ಕೊಟ್ಟರು. ಅದರಲ್ಲಿ ಅವರಿರಲಿಲ್ಲ. ತಮ್ಮನ್ನು ಕತ್ತರಿಸಿ ತೆಗೆದಿದ್ದರು. ಅಪ್ಪನ ಕೈಯ ಕೆಳಗೆ ಅಂಚಿನಲ್ಲಿ ಬಿಳಿ ಅಂಗಿಯ ಹೆಗಲಿನ ಒಂದು ತುಣುಕು ಮಾತ್ರ ಉಳಿದಿತ್ತು. ನಾನು ಜಗಳಕ್ಕೇ ನಿಂತೆ. "ನಾ ಯಾಕವ್ವ ನಿಮ್ಮಪ್ಪನ ಫೋಟೋದಾಗ? ನಾ ಮಾತಾಡ್ಸಾಕ ಕುಂತಿದ್ದೆ ಅಷ್ಟ" ಎಂದರು. ಪೂರ್ತಿ ಫೋಟೋ ಕೊಡದಿದ್ದರೆ ಏಳುವುದಿಲ್ಲ ಎಂದು ಹಟ ಹಿಡಿದು ಕೂತೆ, ಹಟ್ಟಿ ಬಸ್ಸು ತಪ್ಪಿಸಿಕೊಂಡೆ. ಕೊನೆಗೆ ಬೈದುಕೊಳ್ಳುತ್ತಲೇ ನನ್ನ ಕಾರ್ಡಿಗೆ ಹಾಕಿ ಕೊಟ್ಟರು.

ಮೂರು ತಿಂಗಳಿಗೆ ಅಪ್ಪ ಹೋದ. ಕೂರಿಸಿದಾಗ ಕಾಕಾನೇ ಬಂದರು. ಫೋಟೋ ತೆಗೆದು, ಎಡಗಣ್ಣು ಮುಚ್ಚಿಕೊಂಡೇ ಪರದೆ ನೋಡಿದರು. ನಾನು ಅಪ್ಪನ ಪಕ್ಕದಲ್ಲೇ ಇದ್ದೆ. ಕ್ಯಾಮೆರಾ ಏನು ಕೇಳಿತೆಂದು ನನಗೆ ಗೊತ್ತು. "ಹೌದವ್ವ, ಮುಚ್ಯಾರ" ಎಂದು ಅವರು ಅದಕ್ಕೆ ಮೆಲ್ಲಗೆ ಉತ್ತರ ಕೊಟ್ಟು ಗುಂಡಿ ಒತ್ತಿದರು. ಅದನ್ನು ಕೇಳಿದ ಮೇಲೆಯೇ ನನಗೆ ಅಳು ಬಂದದ್ದು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಸ್ಟುಡಿಯೋದಲ್ಲಿ ಅರ್ಜಿಗೆ ಹಚ್ಚುವ ಫೋಟೋ ಬಿಟ್ಟರೆ ಕೆಲಸವಿಲ್ಲದಾಯಿತು. ಕಾಕಾನ ಮಗ ಸಿಂಧನೂರಿನಲ್ಲಿ ದೊಡ್ಡ ಸ್ಟುಡಿಯೋ ಮಾಡಿ, ಮದುವೆಗಳ ಮೇಲೆ ಡ್ರೋನ್ ಹಾರಿಸತೊಡಗಿದ. ಕಾಕಾ ಮಾತ್ರ ಲಿಂಗಸುಗೂರು ಬಿಡಲಿಲ್ಲ, ಸಣ್ಣ ಕ್ಯಾಮೆರಾವನ್ನೂ ಬಿಡಲಿಲ್ಲ. ನನ್ನ ಶಾಲೆಯ ಮಕ್ಕಳಿಗೆ ನಾನು ಫೋಟೋ ತೆಗೆಯುವುದನ್ನು ಕಲಿಸುತ್ತೇನೆಂದು ಹೇಳಿದಾಗ, "ಗುದ್ದಾಕ ಕಲಿಸಬ್ಯಾಡವ್ವ ಮತ್ತ" ಎಂದು ನಕ್ಕಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರ ಮಗನ ಫೋನ್ ಬಂತು. ಹೋದೆ. ಕಾಕಾನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಕಾಕಾನ ಹೆಂಡತಿ ಕಾಕಿ ನನ್ನ ಕೈ ಹಿಡಿದು, "ಊರ ಮಂದಿ ಮಾರಿ ಎಲ್ಲಾ ತೆಗದ್ರು. ಇವರದು ಒಂದೂ ಇಲ್ಲವ್ವ ನನ್ನ ಹತ್ರ. ಗ್ವಾಡಿಗೆ ಏನ್ ಹಾಕಲಿ?" ಎಂದು ಅತ್ತರು. ಮಗ ತನ್ನ ಎರಡು ದೊಡ್ಡ ಕ್ಯಾಮೆರಾಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಕಾಕಾನ ಅಂಗಿಯ ಜೇಬಿನಿಂದ ತೆಗೆದಿಟ್ಟ ಸಣ್ಣ ಕ್ಯಾಮೆರಾವನ್ನು ನನಗೆ ಕೊಟ್ಟು, "ನೀವ ತೆಗೀರಿ ಟೀಚರ್" ಎಂದ.

ಫ್ಲ್ಯಾಶ್ ಆರಿಸಲು ಹೋದೆ. ಮೊದಲೇ ಆರಿತ್ತು. ಸದ್ದೂ ಬಂದಾಗಿತ್ತು. ಅರ್ಧ ಒತ್ತಿ ತಡೆದೆ. ಹಸಿರು ಚೌಕ ಅವರ ಮುಖ ಹುಡುಕಿಕೊಂಡು ನಿಂತಿತು. ಉಳಿದ ಅರ್ಧ ಒತ್ತಿದೆ. ಪರದೆ ಕೇಳಿತು. "ಹೌದವ್ವ, ಮುಚ್ಯಾರ" ಎಂದೆ.

ವಾರದ ಮೇಲೆ ನನ್ನ ಹಳೆಯ ಕಾರ್ಡು ಹುಡುಕಿ ತೆಗೆದು ಸಿಂಧನೂರಿಗೆ ಹೋದೆ. ಮಗ ಕಂಪ್ಯೂಟರಿನಲ್ಲಿ ಬೇವಿನ ಕೆಳಗಿನ ಆ ಫೋಟೋ ತೆರೆದ. ಆಮೇಲೆ ನನ್ನ ಅಪ್ಪನನ್ನು ಕತ್ತರಿಸಿ ಕಾಕಾನನ್ನು ಉಳಿಸಿಕೊಂಡ. ಹೆಗಲ ಮೇಲೆ ನನ್ನ ಅಪ್ಪನ ಕೈ ಹಾಗೇ ಉಳಿಯಿತು. "ಕೈ ಅಳಿಸಿಬಿಡ್ಲೇನ್ರಿ ಟೀಚರ್? ಒಂದು ನಿಮಿಷದ ಕೆಲಸ" ಎಂದ. "ಬ್ಯಾಡಪ್ಪ, ಇರ್ಲಿ" ಎಂದೆ.

ಹಟ್ಟಿಯ ನಮ್ಮ ಮನೆಯ ಗೋಡೆಯಲ್ಲಿ ಅಪ್ಪನ ಪಕ್ಕ ಇವತ್ತಿಗೂ ಒಂದು ತುಣುಕು ಬಿಳಿ ಅಂಗಿಯಿದೆ. ಲಿಂಗಸುಗೂರಿನ ಗೋಡೆಯಲ್ಲಿ ಕಾಕಾ ಹೆಗಲ ಮೇಲೆ ಒಂದು ಕೈ ಹೊತ್ತುಕೊಂಡು, ಅಪ್ಪ ತೋರಿಸಿದ ಗಾಲಿಯನ್ನು ತಾವೂ ತಲೆ ಎತ್ತಿ ನೋಡುತ್ತಿದ್ದಾರೆ. ಕಾಕಿ ಅದನ್ನು ಮೊದಲ ಸಲ ನೋಡಿದಾಗ ಸೆರಗಿನಿಂದ ಗಾಜು ಒರೆಸಿ, ಮತ್ತೆ ಒರೆಸಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. ಕಾಕಾನ ಎಡಗಣ್ಣೂ ಪೂರಾ ತೆರೆದಿತ್ತು.